ತುರ್ತು ನೆರವಿನ ಅರ್ಜಿ: ದಿನ ಎಣಿಸುವ ಕ್ರಮ

ಮನೆಯ ಮುಖ್ಯ ದುಡಿಮೆಗಾರರು 18ರಿಂದ 59ರ ವಯಸ್ಸಿನೊಳಗೆ ತೀರಿಕೊಂಡರೆ, ಬಡತನ ರೇಖೆಗಿಂತ ಕೆಳಗಿರುವ ಆ ಕುಟುಂಬಕ್ಕೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಡಿ ಒಂದೇ ಕಂತಿನಲ್ಲಿ 20,000 ರೂಪಾಯಿ ದೊರೆಯುತ್ತದೆ. ಬೆಂಗಳೂರಿನಲ್ಲಿರುವವರು ತಮ್ಮ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು.

ಅರ್ಜಿಗೆ ಮರಣ ಪ್ರಮಾಣಪತ್ರ ಬೇಕಾಗುವುದರಿಂದ, ದುಃಖದ ನಡುವೆಯೂ ಸಾವನ್ನು 21 ದಿನಗಳೊಳಗೆ ನೋಂದಾಯಿಸಿಬಿಡಿ. ಆ ಗಡುವು ಮೀರಿದರೆ ತಡ ಶುಲ್ಕವೂ ಹೆಚ್ಚಿನ ಓಡಾಟವೂ ತಪ್ಪುವುದಿಲ್ಲ.

ಅರ್ಜಿ ಸ್ವೀಕರಿಸಿದಾಗ ಕೊಡುವ ಸಕಾಲ (ಸರ್ಕಾರಿ ಸೇವೆಯನ್ನು ನಿಗದಿತ ದಿನಗಳೊಳಗೆ ಒದಗಿಸುವ ರಾಜ್ಯದ ವ್ಯವಸ್ಥೆ) ಸ್ವೀಕೃತಿ ಚೀಟಿಯೇ ನಿಮ್ಮ ಕೈಯಲ್ಲಿರುವ ನಿಜವಾದ ಬಲ. ಅದರಲ್ಲಿರುವ 15 ಅಂಕಿಗಳ ಸಂಖ್ಯೆಯನ್ನೂ ವಿಲೇವಾರಿಯ ಕೊನೆಯ ದಿನಾಂಕವನ್ನೂ ಕೌಂಟರಿನ ಮುಂದೆಯೇ ಓದಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಚೀಟಿ ಕೊಡದಿದ್ದರೆ ವಿನಯದಿಂದಲೇ, ಆದರೆ ಬಿಡದೆ ಕೇಳಿ ಪಡೆಯಿರಿ.

ಬಹಳಷ್ಟು ವಿಳಂಬಕ್ಕೆ ಹೆಸರಿನ ವ್ಯತ್ಯಾಸವೇ ಕಾರಣ: ಪಡಿತರ ಚೀಟಿಯಲ್ಲಿ ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮೀದೇವಮ್ಮ’ ಎಂದಿದ್ದರೆ ಕಡತ ಅಲ್ಲಿಗೇ ನಿಲ್ಲಬಹುದು. ಮಂಜೂರಾದ ಹಣ ಖಾತೆಗೆ ಬಾರದಿದ್ದರೆ, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ.

ಚೀಟಿಯಲ್ಲಿರುವ ದಿನಾಂಕ ದಾಟಿದರೆ ಸುಮ್ಮನೆ ಕಾಯಬೇಡಿ. 2011ರ ಸಕಾಲ ಕಾಯ್ದೆಯಡಿ ಮೇಲ್ಮನವಿ ಸಲ್ಲಿಸುವ ಹಕ್ಕು ನಿಮಗಿದೆ. ವಿಳಂಬದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರವನ್ನೂ ಕೇಳಬಹುದು. ಮೊತ್ತ ಚಿಕ್ಕದಾದರೂ ಕೇಳಲೇಬೇಕು, ಏಕೆಂದರೆ ಅದನ್ನು ತಡ ಮಾಡಿದ ಅಧಿಕಾರಿಯಿಂದಲೇ ವಸೂಲು ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ.