ಶಿಶಿಲದ ಕಡೆಯಿಂದ ಎತ್ತಿನ ಭುಜ

ಎತ್ತಿನ ಭುಜ ಗುಡ್ಡ ಈಗ ಯಾರಿಗೂ ಹೊಸದಲ್ಲ. ಮೂಡಿಗೆರೆ ಕಡೆಯಿಂದ ಭೈರಾಪುರದ ತನಕ ಗಾಡಿ ಹೋಗುತ್ತದೆ. ಅಲ್ಲಿಂದ ಸ್ವಲ್ಪ ಕಾಡು, ಸ್ವಲ್ಪ ಹುಲ್ಲು, ತುದಿ ಬಂತು. ರಜಾ ದಿನ ಹೋದರೆ ಸೆಲ್ಫಿಗೂ ಸಾಲು ನಿಲ್ಲಬೇಕು. ನಾವು ಹತ್ತಿದ್ದು ಅದೇ ಗುಡ್ಡವನ್ನೇ, ಆದರೆ ಇನ್ನೊಂದು ಮಗ್ಗುಲಿನಿಂದ. ಬೆಳ್ತಂಗಡಿ ತಾಲೂಕಿನ ಶಿಶಿಲದಿಂದ, ಘಟ್ಟದ ಬುಡದಿಂದಲೇ. ತುದಿಯ ಎತ್ತರ ಸುಮಾರು 1,300 ಮೀಟರ್, ಶಿಶಿಲ ತೀರಾ ಕೆಳಗೆ, ಹಾಗಾಗಿ ಒಂದೇ ದಿನದಲ್ಲಿ ಸಾವಿರ ಮೀಟರಿಗೂ ಜಾಸ್ತಿ ಏರಬೇಕು. ದಾರಿಗೆ ಬೋರ್ಡೂ ಇಲ್ಲ, ಬಾಣದ ಗುರುತೂ ಇಲ್ಲ.

ಇದು ಆನೆ ಓಡಾಡುವ ಕಾಡು. ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು, ಊರಿನವರೊಬ್ಬರನ್ನು ಕರೆದುಕೊಂಡೇ ಹೋದೆವು. ಇವೆರಡೂ ಇಲ್ಲದೆ ಹೊರಡಬೇಡಿ. ಮಳೆಗಾಲದಲ್ಲಿ ಹಳ್ಳ ದಾಟಲಾಗುವುದಿಲ್ಲ, ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿಯ ಭಯ. ನನ್ನನ್ನು ಕೇಳಿದರೆ ನವೆಂಬರಿನಿಂದ ಜನವರಿ ಒಳ್ಳೆಯದು.

ಕಪಿಲಾ ಹೊಳೆ, ಶಿಶಿಲೇಶ್ವರ ದೇವಸ್ಥಾನ, ಅಲ್ಲಿನ ದೇವರ ಮೀನು ಎಲ್ಲ ನೋಡಿಕೊಂಡು ಬೆಳಕು ಹರಿಯುತ್ತಲೇ ಹೊರಟೆವು. ಅಡಿಕೆ ತೋಟ ಮುಗಿಯುತ್ತಿದ್ದಂತೆ ಕಾಡು ಶುರು. ಮೊದಮೊದಲು ದಾರಿ ಅಗಲವಾಗಿಯೇ ಇರುತ್ತದೆ. ಆಮೇಲೆ ಒಂದು ದಾರಿ ಎರಡಾಗುತ್ತದೆ, ಎರಡು ಮೂರಾಗುತ್ತದೆ. ಯಾವುದು ಮನುಷ್ಯರದ್ದು, ಯಾವುದು ಆನೆಯದ್ದು, ಯಾವುದು ಬರೀ ಮಳೆನೀರು ಹರಿದ ಕೊರಕಲು ಅಂತ ಗೊತ್ತಾಗಬೇಕಲ್ಲ?

ನಮ್ಮ ಜೊತೆ ಬಂದಿದ್ದ ಊರಿನ ಅಣ್ಣ ನೆಲಕ್ಕಿಂತ ಜಾಸ್ತಿ ಅಕ್ಕಪಕ್ಕದ ಗಿಡ ನೋಡುತ್ತಿದ್ದರು. ಕತ್ತಿ ಬೀಸಿದ ಕೊಂಬೆಯ ತುದಿ ಓರೆಯಾಗಿ, ನುಣ್ಣಗೆ ಇರುತ್ತದೆ. ಅದು ಎಷ್ಟು ಹಳೆಯದಾಗಿ ಕಪ್ಪಾಗಿದ್ದರೂ ಇಲ್ಲಿ ಜನ ನಡೆದಿದ್ದಾರೆ ಅಂತ ಲೆಕ್ಕ. ಆನೆ ಮುರಿದದ್ದು ಸಿಪ್ಪೆ ಸಮೇತ ಸೀಳಿ ನಾರುನಾರಾಗಿ ಜೋತಾಡುತ್ತಿರುತ್ತದೆ. ಒಂದು ಕಡೆ ಬೈನೆ ಮರವನ್ನು ಉರುಳಿಸಿ, ಕಾಂಡ ಸಿಗಿದು, ಒಳಗಿನ ತಿರುಳನ್ನು ಖಾಲಿ ಮಾಡಿ ಹೋಗಿತ್ತು. ಪಕ್ಕದಲ್ಲಿ ಲದ್ದಿ. ಅಣ್ಣ ಕೋಲಿನಿಂದ ಒಡೆದು ನೋಡಿದರು. ಒಳಗೂ ಒಣಗಿತ್ತು, ಸಣ್ಣ ಅಣಬೆ ಬೇರೆ ಎದ್ದಿತ್ತು. "ಇದು ಹಳತು ಮಾರಾಯ್ರೆ, ನಡೀರಿ" ಅಂದರು. ಹಸಿಯಾಗಿದ್ದರೆ ಅಲ್ಲಿಂದಲೇ ವಾಪಸ್ಸು ಅಂತ ಬೆಳಿಗ್ಗೆಯೇ ಮಾತಾಗಿತ್ತು.

ಆನೆ ದಾರಿ ಅಂದರೆ ಸುಮ್ನೆ ಹೆದರುವಂಥದ್ದೂ ಅಲ್ಲ, ನಂಬುವಂಥದ್ದೂ ಅಲ್ಲ. ಅವು ಕಡಿದಾದ ಕಡೆ ಹತ್ತದೆ ಬಳಸಿಕೊಂಡು ಹೋಗುತ್ತವೆ, ಹಾಗಾಗಿ ಎಷ್ಟೋ ಕಡೆ ಜನರ ದಾರಿಯೂ ಅದೇ. ಆದರೆ ಅವು ಹೊರಟಿರುವುದು ನೀರಿಗೋ ಮೇವಿಗೋ, ನಿಮ್ಮ ಗುಡ್ಡದ ತುದಿಗಲ್ಲ. ಏರುತ್ತಿದ್ದ ದಾರಿ ತುಂಬಾ ಹೊತ್ತು ಅಡ್ಡಡ್ಡ ಹೋಗತೊಡಗಿದರೆ ನಿಂತು ನೋಡಬೇಕು. ಮೊಬೈಲಿನ ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದೆ, ಆದರೆ ದಟ್ಟ ಮರಗಳ ಕೆಳಗೆ ಆ ನೀಲಿ ಚುಕ್ಕೆ ಹಳ್ಳದ ಆ ಕಡೆ ಈ ಕಡೆ ಹಾರಾಡುತ್ತಿರುತ್ತದೆ. ಯಾವ ಏಣಿನಲ್ಲಿದ್ದೇವೆ ಅಂತ ತಿಳಿಯಲು ಸಾಕು, ಎಡಕ್ಕೋ ಬಲಕ್ಕೋ ಅಂತ ಕೇಳಲು ಸಾಲದು.

ಬೆತ್ತದ ಬಳ್ಳಿ ಅಂಗಿಗೆ ಸಿಕ್ಕಿಕೊಂಡರೆ ಮುಂದಕ್ಕೆ ಎಳೆಯಬೇಡಿ. ಅದರ ಮುಳ್ಳು ಕೊಕ್ಕೆಯ ಹಾಗೆ, ಎಳೆದಷ್ಟೂ ಒಳಗೆ ಹೋಗುತ್ತದೆ. ಒಂದು ಹೆಜ್ಜೆ ಹಿಂದೆ ಬಂದರೆ ತಾನೇ ಬಿಡುತ್ತದೆ. ರಕ್ತ ಹೀರುವ ಇಂಬಳಕ್ಕೆ ಉಪ್ಪಿನ ಗಂಟು ಸಾಕು. ನೀರಿನದ್ದು ಮಾತ್ರ ನೆನಪಿಡಿ: ಕಾಡು ಮುಗಿಯುವ ಮೊದಲು ಸಿಗುವ ಕೊನೆಯ ಹಳ್ಳದಲ್ಲಿ ಬಾಟಲಿಗಳನ್ನೆಲ್ಲ ತುಂಬಿಕೊಳ್ಳಬೇಕು. ಮೇಲೆ ಒಂದು ಹನಿಯನ್ನೂ ನಂಬುವ ಹಾಗಿಲ್ಲ.

ಎಲ್ಲರಿಗೂ ಕಾಡಿನಲ್ಲಿ ದಾರಿ ತಪ್ಪುವ ಭಯ. ನನಗೆ ಅನ್ನಿಸಿದ್ದೇ ಬೇರೆ. ಜಾಸ್ತಿ ಅಪಾಯ ಇರುವುದು ಹುಲ್ಲುಗಾವಲಿನಲ್ಲಿ. ಕಾಡಿನೊಳಗೆ ದಾರಿ ಬಿಟ್ಟರೆ ಮುಖಕ್ಕೇ ಮುಳ್ಳು ಬಡಿದು ಎಚ್ಚರಿಸುತ್ತದೆ. ಹುಲ್ಲಿನಲ್ಲಿ ಎತ್ತ ಬೇಕಾದರೂ ನಡೆಯಬಹುದು, ತಡೆಯುವುದಕ್ಕೆ ಏನೂ ಇಲ್ಲ. ಅದರ ಮೇಲೆ ದನ, ಕಾಟಿ (ಕಾಡುಕೋಣ) ನಡೆದ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಹತ್ತಾರು. ಹೋಗುವಾಗ ತುದಿ ಎದುರಿಗೇ ಕಾಣುವುದರಿಂದ ತೊಂದರೆಯಿಲ್ಲ. ವಾಪಸ್ ಬರುವಾಗ ಕಾಡಿನ ಅಂಚು ಉದ್ದಕ್ಕೂ ಒಂದೇ ಥರದ ಹಸಿರು ಗೋಡೆ, ಅದರಲ್ಲಿ ಒಬ್ಬರು ನುಸುಳುವಷ್ಟೇ ಅಗಲದ ಬಾಯಿ. ಮಂಜು ಕವಿದರೆ ಅದೂ ಇಲ್ಲ. ಅದಕ್ಕೆ ಕಾಡಿನಿಂದ ಹೊರಗೆ ಕಾಲಿಟ್ಟ ತಕ್ಷಣ ಹಿಂದೆ ತಿರುಗಿ ಫೋಟೋ ತೆಗೆದುಕೊಂಡೆ, ಮ್ಯಾಪಿನಲ್ಲಿ ಗುರುತು ಹಾಕಿದೆ. ಅಣ್ಣ ಅವರ ಪದ್ಧತಿಯಂತೆ ಒಂದು ಬಂಡೆಯ ಮೇಲೆ ಮೂರು ಕಲ್ಲು ಪೇರಿಸಿಟ್ಟರು.

ಕೊನೆಯದು ಕಲ್ಲಿನ ದಿಬ್ಬ. ಅಲ್ಲಲ್ಲಿ ಕೈಯೂರಿ ಹತ್ತಬೇಕು, ಗಾಳಿ ಜೋರಾಗಿದ್ದರೆ ಕೂತುಕೊಂಡೇ ಸರಿಯಬೇಕು. ಮೇಲಿಂದ ಅಮೇದಿಕಲ್ಲು, ಒಂಬತ್ತು ಗುಡ್ಡ ಕಡೆಯ ಸಾಲು, ಕೆಳಗೆ ನಾವು ಬಿಟ್ಟುಬಂದ ತೋಟಗಳು. ಭೈರಾಪುರದಿಂದ ಬಂದಿದ್ದ ಹುಡುಗರು ನಮ್ಮ ಬಟ್ಟೆಯ ಅವಸ್ಥೆ ನೋಡಿ ಎಲ್ಲಿಂದ ಬಂದಿರಿ ಅಂತ ಕೇಳಿದರು. ಶಿಶಿಲದ ಕಡೆ ಕೈ ತೋರಿಸಿದರೆ ಅಲ್ಲಿ ದಾರಿ ಇದೆಯಾ ಅಂದರು.

ಹತ್ತಿದ ದಾರಿಯಲ್ಲೇ ಇಳಿಯುವುದಾದರೆ ಮಧ್ಯಾಹ್ನ ಹನ್ನೆರಡರೊಳಗೆ ತುದಿ ಬಿಡಬೇಕು, ಕಾಡಿನೊಳಗೆ ಸಂಜೆ ಐದಕ್ಕೇ ಮಬ್ಬು. ಮಂಡಿ ನೋವಿದ್ದವರು ಭೈರಾಪುರಕ್ಕೆ ಇಳಿಯುವುದು ವಾಸಿ. ಅದನ್ನೂ ಅನುಮತಿ ಕೇಳುವಾಗಲೇ ಹೇಳಿಟ್ಟಿರಿ, ಗಾಡಿಯನ್ನೂ ಮೊದಲೇ ಹೇಳಿಟ್ಟಿರಿ. ನಡೆದರೆ ಒಂದು ಗುಡ್ಡದ ಆಚೆ ಈಚೆ ಇರುವ ಊರುಗಳು, ಗಾಡಿಯಲ್ಲಾದರೆ ಕೊಟ್ಟಿಗೆಹಾರಕ್ಕೆ ಹೋಗಿ ಚಾರ್ಮಾಡಿ ಘಾಟಿ ಇಳಿದು, ಉಜಿರೆ, ಧರ್ಮಸ್ಥಳ ಸುತ್ತಿಕೊಂಡು ಶಿಶಿಲಕ್ಕೆ ಬರಬೇಕು.