ಮೂರು ರೂಪಾಯಿ ನಾಣ್ಯ ಎಲ್ಲೈತಿ?

ಮುಂಡರಗಿ ತಾಲೂಕಿನ ನಮ್ಮೂರಲ್ಲಿ ಕುಡಿಯುವ ನೀರಿನ ಘಟಕವನ್ನು ನಮ್ಮ ಮಹಿಳಾ ಸಂಘವೇ ನಡೆಸುತ್ತದೆ. ಲೆಕ್ಕದ ಪುಸ್ತಕ ನನ್ನ ಕೈಲಿ. ಎರಡು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ಶುರುವಾದಾಗಿಂದ ಅದೇ ದರ ಇತ್ತು.

ಹೋದ ಬೇಸಿಗೆಯಲ್ಲಿ ನೀರು ಸವುಳಾಗತೊಡಗಿತು. ನೀರಿನ ಉಪ್ಪು, ಫ್ಲೋರೈಡ್ ಸೋಸುವ ಮೆಂಬ್ರೇನ್‌ಗಳಿಗೆ ಸುಣ್ಣ ಕಟ್ಟಿತ್ತು. ನಾಲ್ಕನ್ನೂ ಬದಲಿಸಲು 40 ಸಾವಿರ. ನಮ್ಮ ಹತ್ತಿರ 3 ಸಾವಿರವೂ ಇರಲಿಲ್ಲ. ಹದಿನೈದು ದಿನ ಊರು ಮತ್ತೆ ಬೋರ್ ನೀರು ಕುಡಿಯಿತು. ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುದಿಸಿದರೂ ಹೋಗಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ. ಹಲ್ಲಿನ ಮೇಲಿನ ಕಂದು ಕಲೆ ನೋಡಿದರೆ ಸಾಕು, ಯಾರು ಯಾವ ನೀರು ಕುಡಿದು ಬೆಳೆದವರು ಅಂತ ಗೊತ್ತಾಗುತ್ತದೆ.

ಸಂಘದ ಉಳಿತಾಯದಿಂದ ಸಾಲ ಎತ್ತಿ ರಿಪೇರಿ ಮಾಡಿಸಿದೆವು. ಆಮೇಲೆ ಲೆಕ್ಕಕ್ಕೆ ಕೂತೆ. ತಿಂಗಳಿಗೆ ಕರೆಂಟ್ 2,400. ನೋಡಿಕೊಳ್ಳುವ ಹುಡುಗನಿಗೆ 2,700. ಫಿಲ್ಟರ್, ಔಷಧಿಗೆ 1,000. ಮೆಂಬ್ರೇನ್ ಮೂರು ವರ್ಷ ಬಂದರೆ ಅದಕ್ಕೆ ತಿಂಗಳಿಗೆ 1,100 ಎತ್ತಿಡಬೇಕು. ಅದನ್ನು ನಾವು ಒಮ್ಮೆಯೂ ಎತ್ತಿಟ್ಟಿರಲಿಲ್ಲ. ತಪ್ಪು ನನ್ನದೇ. ಒಟ್ಟು 7,200. ಹೋಗುವುದು 20 ಲೀಟರಿನ 3,000 ಕ್ಯಾನ್. ಅಂದರೆ ಕ್ಯಾನಿಗೆ 2 ರೂಪಾಯಿ 40 ಪೈಸೆ.

ಮೂರು ರೂಪಾಯಿ ಮಾಡೋಣ ಅಂತ ಕಟ್ಟೆಯ ಮೇಲೆ ಸಭೆ ಕರೆದೆ. ಎಲ್ಲರೂ ಬೈದರು. ನೀರಿಗೂ ಲಾಭ ನೋಡ್ತೀರೇನು ಅಂದರು. ಲೆಕ್ಕ ಓದಿದೆ, ಯಾರೂ ಕೇಳಲಿಲ್ಲ. ಹುಡುಗ ಸುಮ್ನೆ ಹೋಗಿ ಹಳೆಯ ಮೆಂಬ್ರೇನ್ ತಂದು ನಡುವೆ ಇಟ್ಟ. ಕೊಯ್ದು ತೆರೆದಾಗ ಒಳಗೆಲ್ಲ ಬಿಳಿ ಸುಣ್ಣದ ಪೊರೆ. ಒಬ್ಬ ಅಜ್ಜ ಉಗುರಿನಿಂದ ಕೆರೆದು ನೋಡಿದ. ಆಮೇಲೆ ದರದ ಬಗ್ಗೆ ಜಗಳ ಆಗಲಿಲ್ಲ.

ಆದರೆ ಅದೇ ಅಜ್ಜ ಕೇಳಿದ, “ಮೂರು ರೂಪಾಯಿ ನಾಣ್ಯ ಎಲ್ಲೈತಿ ತಂಗಿ?”

ಹೌದಲ್ವಾ! ನಮ್ಮ ಪೆಟ್ಟಿಗೆಗೆ ಒಂದು ಸಲಕ್ಕೆ ಒಂದೇ ನಾಣ್ಯ. ಐದು ರೂಪಾಯಿ ಮಾಡಿದರೆ ಅನ್ಯಾಯ. ಕೊನೆಗೆ ಐದು ರೂಪಾಯಿಗೆ 40 ಲೀಟರ್ ಅಂತ ಸೆಟ್ ಮಾಡಿಸಿದೆವು. ಒಂದು ಕ್ಯಾನ್ ತುಂಬಿದಾಗ ನಡುವೆ ನಿಲ್ಲಿಸಲು ಒಂದು ಬಟನ್. ಕ್ಯಾನಿಗೆ ಎರಡೂವರೆ ಬಿತ್ತು. ತಿಂಗಳಿಗೆ 300 ಉಳಿಯುತ್ತದೆ, ಸಾಲಕ್ಕೆ ಹೋಗುತ್ತದೆ.

ಒಂದೇ ಕ್ಯಾನ್ ತರುವವರು ಈಗ ಜೋಡಿ ಹುಡುಕುತ್ತಾರೆ. ಬೆಳಿಗ್ಗೆ ಆ ಅಜ್ಜ ಘಟಕದ ಮುಂದೆ ಕೂತಿರುತ್ತಾನೆ. “ಯಾರರ ಬರ್ರಿ, ಅರ್ಧ ನನ್ನದು” ಅಂತ ಕೂಗುತ್ತಾನೆ.