ಸ್ವಂತ ಗಾಡೀಲಿ ದೇಶ ದಾಟೋರು ಮೊದಲು ವಾಪಸ್ ಬರೋ ದಾರಿ ನೋಡ್ಕೊಳ್ಳಿ

ಬೆಂಗಳೂರಿಂದ ಲಂಡನ್‌ಗೆ, ಮಂಗಳೂರಿಂದ ಇಸ್ತಾನ್‌ಬುಲ್‌ಗೆ ಅಂತ ಸ್ವಂತ ಕಾರು ಬೈಕಲ್ಲಿ ಹೊರಡೋ ಆಸೆ ಇರೋರು ನಮ್ಮಲ್ಲೂ ಇದ್ದಾರೆ. ಎಲ್ರೂ ಮೊದಲು ಕೇಳೋದು ವೀಸಾ ಸಿಗುತ್ತಾ, ಗಾಡಿ ಒಳಗೆ ಬಿಡ್ತಾರಾ ಅಂತ. ಕೇಳ್ಬೇಕಾದ್ದೇ. ಆದ್ರೆ ಗಲಾಟೆ ಇರೋ ಗಡಿಗಳ ವಿಷಯದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ: ಒಳಗೆ ಹೋದ್ಮೇಲೆ ಬಾರ್ಡರ್ ಮುಚ್ಚಿಬಿಟ್ರೆ ನೀವು ಹೇಗೆ ಹೊರಗೆ ಬರ್ತೀರಿ, ಗಾಡಿ ಹೇಗೆ ಹೊರಗೆ ಬರುತ್ತೆ? ಮನುಷ್ಯನಿಗೆ ಪಾಸ್‌ಪೋರ್ಟ್, ವೀಸಾ ಸಾಕು, ಗಾಡಿಗೆ ಕಸ್ಟಮ್ಸ್ ಕಾಗದ ಬೇಕು, ಈ ಎರಡರ ಲೆಕ್ಕಾನೂ ಮನೇಲಿ ಕೂತಾಗ್ಲೇ ಬೇರೆ ಬೇರೆಯಾಗಿ ಹಾಕ್ಕೊಳ್ಬೇಕು.

ಮೊದಲು ಮ್ಯಾಪು, ಆಮೇಲೆ ವೀಸಾ

ಮ್ಯಾಪಲ್ಲಿ ರಸ್ತೆ ಕಾಣ್ಸುತ್ತೆ ಅಂದ ಮಾತ್ರಕ್ಕೆ ದಾರಿ ಇದೆ ಅಂತಲ್ಲ. ಪಹಲ್ಗಾಮ್ ದಾಳಿ ಆದ್ಮೇಲೆ 2025ರ ಏಪ್ರಿಲ್‌ನಲ್ಲಿ ಅಟ್ಟಾರಿ ಚೆಕ್‌ಪೋಸ್ಟ್ ಮುಚ್ಚಿದ್ರು, ಅದಕ್ಕೂ ಮುಂಚೇನೇ ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ಸ್ವಂತ ಗಾಡೀಲಿ ಪಾಕಿಸ್ತಾನ ದಾಟೋದು ಹೆಚ್ಚುಕಮ್ಮಿ ಆಗದ ಮಾತು. ಮಣಿಪುರದ ಮೋರೆಯಿಂದ ಮ್ಯಾನ್ಮಾರಿನ ತಾಮುಗೆ ಹೋಗಿ ಥಾಯ್ಲೆಂಡ್ ಸೇರ್ತಿದ್ದ ದಾರೀನ ಮೊದಲು ಕೋವಿಡ್ ನಿಲ್ಲಿಸ್ತು, ಆಮೇಲೆ 2021ರ ಫೆಬ್ರವರಿಯಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡೀತು, 2023ರಿಂದ ನಮ್ಮ ಕಡೆ ಮಣಿಪುರಾನೂ ಹೊತ್ತಿ ಉರೀತು. ಹಳೇ ವಿಡಿಯೋ ನೋಡಿ ಈ ದಾರಿ ಹಿಡೀಬೇಡಿ. ಉಳಿದಿದ್ದು ನೇಪಾಳ, ಟಿಬೆಟ್ ದಾರಿ. 2015ರ ಭೂಕಂಪದಿಂದ ತಾತೋಪಾನಿ ಗಡಿ ಮುಚ್ಚಿ ಎಲ್ರೂ ರಸುವಾಗಢಿ ಕಡೆ ತಿರುಗಿದ್ರು, 2025ರ ಜುಲೈನಲ್ಲಿ ಪ್ರವಾಹ ಬಂದು ಅಲ್ಲಿನ ಸೇತುವೇನೇ ಕೊಚ್ಕೊಂಡು ಹೋಯ್ತು. ಅಜರ್‌ಬೈಜಾನ್ 2020ರಲ್ಲಿ ಕೋವಿಡ್ ಅಂತ ಮುಚ್ಚಿದ ರಸ್ತೆ ಗಡೀನ ಐದು ವರ್ಷ ಆದ್ರೂ ಪ್ರವಾಸಿಗರಿಗೆ ತೆರೀಲಿಲ್ಲ. ಒಳ್ಳೇ ಸುದ್ದೀನೂ ಇದೆ, ಗುಂಡು ಹಾರಿ ಜನ ಸತ್ತಿದ್ದ ಕಿರ್ಗಿಸ್ತಾನ್–ತಜಿಕಿಸ್ತಾನ್ ಗಡಿ 2025ರ ಮಾರ್ಚ್‌ನಲ್ಲಿ ಒಪ್ಪಂದ ಆಗಿ ತೆರೀತು.

ಹಾಗಾಗಿ ಪ್ರತಿ ದೇಶಕ್ಕೂ ಹೊರಗೆ ಬರೋ ಬಾಗಿಲು ಎರಡು ಗುರುತು ಹಾಕ್ಕೊಳ್ಳಿ. ಎರಡನೇದು ಸಿಗ್ಲಿಲ್ಲ ಅಂದ್ರೆ ಆ ದೇಶಾನ ರೂಟಿಂದ ತೆಗೆದುಬಿಡಿ ಅನ್ನೋದು ನನ್ನ ಅಭಿಪ್ರಾಯ. ಎರಡನೇ ಬಾಗಿಲು ಇರೋ ದೇಶದ ವೀಸಾನೂ ಮೊದಲೇ ಕೈಯಲ್ಲಿರ್ಲಿ, ಬಾಂಬ್ ಬೀಳೋವಾಗ ಯಾವ ಎಂಬಸಿನೂ ಅರ್ಜಿ ತಗೊಳ್ತಾ ಕೂರಲ್ಲ.

ಚೀನಾಗೆ ಹೋಗೋರು ಒಂದು ತಿಳ್ಕೊಳ್ಳಿ, ಅಲ್ಲಿ ನಮ್ಮ ಐಡಿಪಿ, ಅಂದ್ರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ನಡೆಯಲ್ಲ. ಅಲ್ಲಿಯ ಏಜೆನ್ಸಿ ಮೂಲಕ ತಾತ್ಕಾಲಿಕ ನಂಬರ್ ಪ್ಲೇಟು, ತಾತ್ಕಾಲಿಕ ಲೈಸೆನ್ಸು, ಜೊತೆಗೊಬ್ಬ ಗೈಡು, ಮುಂಚೇನೇ ಒಪ್ಪಿಗೆ ಆದ ರೂಟು ಎಲ್ಲ ಬೇಕು. 3,752 ಮೀಟರ್ ಎತ್ತರದ ತೊರುಗಾರ್ಟ್ ಪಾಸ್ ದಾಟಿ ಕಿರ್ಗಿಸ್ತಾನಕ್ಕೆ ಇಳಿಯೋವರೆಗೂ ಈ ವ್ಯವಸ್ಥೇಲೇ ಇರ್ಬೇಕು.

ಗಾಡಿ ಕಾಗದ

ಆರ್‌ಸಿ ನಿಮ್ಮ ಹೆಸರಲ್ಲೇ ಇರೋದು ಒಳ್ಳೇದು. ಅಪ್ಪನ ಹೆಸರಲ್ಲಿದ್ರೆ ನೋಟರಿ ಮಾಡ್ಸಿದ ಒಪ್ಪಿಗೆ ಪತ್ರ ಬೇಕು, ವಿದೇಶಾಂಗ ಇಲಾಖೆಯಿಂದ ಅಪೊಸ್ಟೀಲ್ (ಕಾಗದ ಅಸಲಿ ಅಂತ ಬೇರೆ ದೇಶಕ್ಕೆ ತೋರಿಸೋ ಮುದ್ರೆ) ಹಾಕಿಸ್ಕೊಂಡ್ರೆ ಗಡೀಲಿ ಬೆಲೆ ಜಾಸ್ತಿ. ಲೋನ್ ಇದ್ರೆ ಬ್ಯಾಂಕಿಂದ ಎನ್‌ಒಸಿ. ಐಡಿಪಿಗೆ ಸಾರಥಿ ಪೋರ್ಟಲ್ಲಲ್ಲಿ ಅರ್ಜಿ ಹಾಕಿ, ನಿಮ್ಮ ಆರ್‌ಟಿಒ ಕೊಡುತ್ತೆ, ಒಂದೇ ವರ್ಷ ಚಾಲ್ತಿ, ಆದ್ರಿಂದ ಹೊರಡೋ ದಿನ ಹತ್ರ ಬಂದಾಗ ಮಾಡ್ಸಿ.

ಇನ್ಶೂರೆನ್ಸ್ ವಿಷಯದಲ್ಲಿ ತುಂಬಾ ಜನ ತಪ್ಪು ತಿಳ್ಕೊಂಡಿದ್ದಾರೆ. ನಮ್ಮ ಮೋಟಾರ್ ಪಾಲಿಸಿ ಭಾರತದೊಳಗೆ ಮಾತ್ರ. ಹೆಚ್ಚಿಗೆ ಪ್ರೀಮಿಯಂ ಕಟ್ಟಿ ಬರೆಸ್ಕೊಂಡ್ರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್‌ವರೆಗೆ ವಿಸ್ತರಿಸಬಹುದು, ಅದರಾಚೆ ಒಂದೊಂದು ಗಡೀಲೂ ಆ ದೇಶದ ಥರ್ಡ್ ಪಾರ್ಟಿ ಕೊಳ್ಳಬೇಕು. ಯುರೋಪ್ ಕಡೆಗೆ ಹಲವು ದೇಶಕ್ಕೆ ಒಟ್ಟಿಗೆ ನಡೆಯೋ ಗ್ರೀನ್ ಕಾರ್ಡ್ ಅನ್ನೋ ಇನ್ಶೂರೆನ್ಸ್ ಕಾಗದ ಇದೆ, ಅದರಲ್ಲಿ ಯಾವ ದೇಶದ ಹೆಸರಿನ ಮೇಲೆ ಗೆರೆ ಹೊಡೆದಿದೆ ಅಂತ ಓದಿ ನೋಡಿ, ಗೆರೆ ಇದ್ರೆ ಅಲ್ಲಿ ಕವರ್ ಇಲ್ಲ. ಟ್ರಾವೆಲ್ ಇನ್ಶೂರೆನ್ಸಲ್ಲಂತೂ ಯುದ್ಧ, ದಂಗೆ ಅನ್ನೋ ಪದ ಹುಡುಕಿ, ಸಾಮಾನ್ಯವಾಗಿ ಅದಕ್ಕೆ ಕವರ್ ಇಲ್ಲ ಅಂತಾನೇ ಬರೆದಿರುತ್ತೆ.

ಕಾರ್ನೆ ಅನ್ನೋ ಪುಸ್ತಕ

ಇದು ಗಾಡಿಯ ಪಾಸ್‌ಪೋರ್ಟ್. ನಮ್ಮ ದೇಶದಲ್ಲಿ ಕೊಡೋದು ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್. ಗಾಡೀನ ಅಲ್ಲೇ ಮಾರಲ್ಲ, ವಾಪಸ್ ತರ್ತೀನಿ, ತರ್ದಿದ್ರೆ ಸುಂಕ ಕಟ್ತೀನಿ ಅನ್ನೋ ಮಾತಿಗೆ ಅಸೋಸಿಯೇಷನ್ನು ಜಾಮೀನು ನಿಲ್ಲುತ್ತೆ, ಅದಕ್ಕಾಗಿ ನಿಮ್ಮಿಂದ ಬ್ಯಾಂಕ್ ಗ್ಯಾರಂಟಿ ಅಥವಾ ಡೆಪಾಸಿಟ್ ತಗೊಳ್ಳುತ್ತೆ. ಮೊತ್ತ ಗಾಡಿ ಬೆಲೆ ಮೇಲೆ, ಹೋಗೋ ದೇಶಗಳ ಮೇಲೆ ನಿಂತಿದೆ. ಇರಾನ್‌ನಂಥ ದೇಶಕ್ಕೆ ಕಾರ್ನೆ ಬೇಕೇ ಬೇಕು, ಬರೀ ನೇಪಾಳ ಸುತ್ತಿ ಬರೋದಾದ್ರೆ ಬೇಡ, ಗಡೀಲೇ ಭನ್ಸಾರ್ ಅನ್ನೋ ಅಲ್ಲಿನ ಕಸ್ಟಮ್ಸ್ ಶುಲ್ಕ ಕಟ್ಟಿದ್ರೆ ಸಾಕು.

ಪ್ರತಿ ಹಾಳೇಲೂ ಮೂರು ಭಾಗ ಇರುತ್ತೆ. ಒಳಗೆ ಹೋಗುವಾಗ ಒಂದು ತುಂಡು ಕಸ್ಟಮ್ಸ್‌ನೋರು ಹರ್ಕೊಳ್ತಾರೆ, ಹೊರಗೆ ಬರುವಾಗ ಇನ್ನೊಂದು, ಪುಸ್ತಕದಲ್ಲೇ ಉಳಿಯೋ ಮೂರನೇ ಭಾಗದಲ್ಲಿ ಎರಡೂ ಸೀಲು ಇರ್ಬೇಕು. ಈ ಹೊರಗೆ ಹೋದ ಸೀಲು ಇದ್ಯಲ್ಲ, ಅದು ನಿಮ್ಮ ದುಡ್ಡು. ರಾತ್ರಿ ಆಯ್ತು, ಆಫೀಸರ್ ಊಟಕ್ಕೆ ಹೋದ, ಹಿಂದೆ ಲಾರಿಯೋರು ಹಾರ್ನ್ ಹೊಡೀತಾರೆ ಅಂತ ಸೀಲಿಲ್ಲದೆ ಮುಂದೆ ಬರಲೇಬೇಡಿ, ತಾರೀಖು ಸರಿ ಇದ್ಯಾ, ಚಾಸಿ ನಂಬರ್ ಸರಿ ಬರೆದಿದ್ದಾರಾ ಅಂತ ಅಲ್ಲೇ ನಿಂತು ನೋಡಿ ಫೋಟೋ ತೆಗೆದು ಮನೆಗೆ ಕಳಿಸಿ. ಸೀಲು ತಪ್ಪಿಹೋದ್ರೆ ಆ ದೇಶದ ಲೆಕ್ಕದಲ್ಲಿ ಗಾಡಿ ಇನ್ನೂ ಅಲ್ಲೇ ಇದೆ, ಒಂದಿನ ಸುಂಕದ ನೋಟಿಸ್ ಬರುತ್ತೆ. ಆಗ ಗಾಡಿ ಭಾರತದಲ್ಲೇ ಇದೆ ಅಂತ ನಮ್ಮ ಕಸ್ಟಮ್ಸ್‌ನಿಂದ ಸರ್ಟಿಫಿಕೇಟ್ ಮಾಡಿಸ್ಕೊಂಡು ಹೋರಾಡ್ಬೇಕು.

ಗಾಡಿ ಬಿಟ್ಟು ಬರೋ ಪರಿಸ್ಥಿತಿ ಬಂದ್ರೆ

2025ರ ಜೂನ್‌ನಲ್ಲಿ ಇರಾನ್ ಮೇಲೆ ಇಸ್ರೇಲ್ ದಾಳಿ ಶುರುವಾದಾಗ ಇರಾನಿನ ಆಕಾಶ ಬಂದ್ ಆಯ್ತು, ಆಪರೇಷನ್ ಸಿಂಧು ಹೆಸರಲ್ಲಿ ನಮ್ಮ ಸರ್ಕಾರ ವಿದ್ಯಾರ್ಥಿಗಳ ಮೊದಲ ತಂಡಾನ ರಸ್ತೇಲೇ ಆರ್ಮೇನಿಯಾಗೆ ದಾಟಿಸಿ ಅಲ್ಲಿಂದ ವಿಮಾನದಲ್ಲಿ ಕರ್ಕೊಂಡು ಬಂತು. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಮನೆಗಳಲ್ಲಿ ಆ ದಿನಗಳು ಹೇಗಿದ್ವು ಅಂತ ನಮ್ಮ ಪೇಪರ್‌ಗಳಲ್ಲೇ ಬಂದಿದೆ, ಅಲ್ಲಿನ ಮಕ್ಕಳು ಇರಾನಲ್ಲಿ ಓದ್ತಿದ್ರು. ಇಂಥ ಹೊತ್ತಲ್ಲಿ ಬಸ್ ಹತ್ತಿ ಅಂದ್ರೆ ಹತ್ತಬೇಕು. ಕಾರು ಬಿಟ್ಟು ಹೇಗೆ ಬರ್ಲಿ, ಲಕ್ಷಗಟ್ಟಲೆ ಡೆಪಾಸಿಟ್ ಹೋಗುತ್ತಲ್ಲ ಅಂತ ಅಲ್ಲೇ ಉಳಿಯೋದು ಪ್ರಾಣಕ್ಕೆ ಕುತ್ತು, ಅದಕ್ಕೇ ಆ ದುಡ್ಡು ಹೋದ್ರೂ ತಡ್ಕೊಳ್ಳೋ ಶಕ್ತಿ ಇದ್ರೆ ಮಾತ್ರ ಅಂಥ ದೇಶಕ್ಕೆ ಗಾಡಿ ಒಯ್ಯಿ.

ಸಮಯ ಸಿಕ್ಕಿದ್ರೆ ಗಾಡೀನ ಕಸ್ಟಮ್ಸ್ ವಶಕ್ಕೆ ಕೊಟ್ಟು ರಶೀದಿ ತಗೊಳ್ಳಿ, ಎಂಬಸಿಗೂ ಅಸೋಸಿಯೇಷನ್‌ಗೂ ಇಮೇಲ್ ಹಾಕಿ. ಟರ್ಕಿಯಂಥ ಕಡೆ ಗಾಡಿ ನಿಮ್ಮ ಪಾಸ್‌ಪೋರ್ಟ್ ಲೆಕ್ಕಕ್ಕೇ ಸೇರಿರುತ್ತೆ, ಹಾಗೇ ಏರ್‌ಪೋರ್ಟಿಗೆ ಹೋದ್ರೆ ತಡೀತಾರೆ. ಮುಂಚೇನೇ ಆ ದೇಶದ ಭಾರತೀಯ ಎಂಬಸೀಲಿ ಹೆಸರು ನೋಂದಾಯಿಸಿ, ಅವರ ತುರ್ತು ನಂಬರನ್ನ ಫೋನಲ್ಲಷ್ಟೇ ಅಲ್ಲ, ಪೇಪರ್ ಮೇಲೂ ಬರೆದಿಡಿ.

ಗಾಡೀಲಿ ಏನಿರಬಾರ್ದು

ಕೊಡೀನ್ ಇರೋ ಕೆಮ್ಮಿನ ಸಿರಪ್, ಟ್ರಾಮಡಾಲ್ ಅನ್ನೋ ನೋವಿನ ಮಾತ್ರೆ ಎಷ್ಟೋ ದೇಶದಲ್ಲಿ ಡ್ರಗ್ಸ್ ಕೇಸು. ಮುಂಬೈಯಿಂದ ಹಡಗಲ್ಲಿ ದುಬೈಗೆ ಗಾಡಿ ಕಳಿಸೋರು ಅಮ್ಮ ಕೊಟ್ಟ ಮಸಾಲೆ ಡಬ್ಬೀನೂ ನೋಡಿ, ಯುಎಇಯಲ್ಲಿ ಗಸಗಸೆ ನಿಷೇಧ. ಉಜ್ಬೇಕಿಸ್ತಾನಕ್ಕೆ ಡ್ರೋನ್ ಒಯ್ಯೋ ಹಾಗಿಲ್ಲ. ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಸುರಕ್ಷತೆಗೆ ಬಹಳ ಒಳ್ಳೇದೇ, ಆದ್ರೆ ನಮ್ಮ ದೇಶದಲ್ಲಿ ಟೆಲಿಕಾಂ ಇಲಾಖೆ ಒಪ್ಪಿಗೆ ಇಲ್ಲದೆ ಇಟ್ಕೊಂಡ್ರೆ ಅಪರಾಧ, ಇದೇ ಕಾರಣಕ್ಕೆ ಏರ್‌ಪೋರ್ಟಲ್ಲಿ ಸಿಕ್ಕಿಬಿದ್ದ ವಿದೇಶಿ ಪ್ರವಾಸಿಗರೂ ಇದ್ದಾರೆ. ಅದಿಲ್ಲ ಅಂದ್ರೆ ದಿನಾ ಇಷ್ಟು ಗಂಟೆಗೆ ಮೆಸೇಜ್ ಹಾಕ್ತೀನಿ, ಇಷ್ಟು ಹೊತ್ತಾದ್ರೂ ಬರ್ಲಿಲ್ಲ ಅಂದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಮನೇಲಿ ಒಬ್ರಿಗೆ ಬರೆದುಕೊಟ್ಟು ಹೋಗಿ.

ಗಡಿ ದಾಟೋ ದಿನ

ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರಿ, ಆಚೆ ಕಡೆ ಮೊದಲ ದೊಡ್ಡ ಊರು ಕತ್ತಲಾಗೋ ಮುಂಚೆ ಸಿಗ್ಬೇಕು. ಡ್ಯಾಶ್‌ಕ್ಯಾಮ್ ಬಿಚ್ಚಿಡಿ, ಸೈನಿಕರ ಫೋಟೋ ತೆಗೀಬೇಡಿ. ಒರಿಜಿನಲ್ ಪಾಸ್‌ಪೋರ್ಟ್ ರಸ್ತೇಲಿ ಸಿಕ್ಕ ಯಾರಿಗೂ ಕೊಡದೆ ಮೊದಲು ಜೆರಾಕ್ಸ್ ಕೊಡಿ, ಇಪ್ಪತ್ತು ಸೆಟ್ ಇದ್ರೂ ಜಾಸ್ತಿ ಅಲ್ಲ. ಇರಾನಲ್ಲಿ ನಮ್ಮ ಕಾರ್ಡ್‌ಗಳು ನಡೆಯಲ್ಲ, ಡಾಲರ್ ನೋಟು ಎರಡು ಮೂರು ಕಡೆ ಹಂಚಿಡಿ. ಜಾರ್ಜಿಯಾಗೆ ಹೋಗೋರು ರಷ್ಯಾ ಕಡೆಯಿಂದ ಅಬ್ಖಾಜಿಯಾ, ದಕ್ಷಿಣ ಒಸ್ಸೆಟಿಯಾ (ಜಾರ್ಜಿಯಾದ ಹಿಡಿತ ತಪ್ಪಿ ಬೇರೆಯಾಗಿ ನಿಂತಿರೋ ಪ್ರದೇಶಗಳು) ಮೂಲಕ ನುಗ್ಗಬೇಡಿ, ಜಾರ್ಜಿಯಾ ಕಾನೂನಲ್ಲಿ ಅದು ಕ್ರಿಮಿನಲ್ ಕೇಸು, ಲಾರ್ಸಿ ಗಡಿ ಇದೆ, ಕ್ಯೂ ಉದ್ದ ಇದ್ರೂ ಅಲ್ಲೇ ಬನ್ನಿ. ಸೈನಿಕರು ಇವತ್ತು ಬೇಡ ಅಂದ್ರೆ ವಾದ ಮಾಡದೆ ವಾಪಸ್ ತಿರುಗಿ.

ಊರಿಗೆ ಬಂದ್ಮೇಲೆ ಇನ್ನೊಂದು ಕೆಲಸ ಇದೆ. ಭಾರತದೊಳಗೆ ಬರುವಾಗ ನಮ್ಮ ಕಸ್ಟಮ್ಸ್ ಸೀಲೂ ಕಾರ್ನೆ ಮೇಲೆ ಬಿದ್ದಿದ್ಯಾ ನೋಡಿ, ಪೂರ್ತಿ ಪುಸ್ತಕಾನ ಸ್ಕ್ಯಾನ್ ಮಾಡಿಟ್ಕೊಂಡು ಅಸೋಸಿಯೇಷನ್‌ಗೆ ವಾಪಸ್ ಕೊಡಿ. ಅವರು ಎಲ್ಲ ಹಾಳೆ ಪರಿಶೀಲಿಸಿ ಕ್ಲಿಯರ್ ಮಾಡಿದ್ಮೇಲೇ ಬ್ಯಾಂಕ್ ಗ್ಯಾರಂಟಿ ಬಿಡುಗಡೆ ಆಗೋದು, ಅಲ್ಲಿವರೆಗೂ ಗಾಡಿ ಮಾರೋದು ಬೇಡ.